ಹಲವು ದೇಶಗಳ ಟೀಮ್‌ಗೆ ಕಲ್ಚರಲ್ ಟ್ರೇನಿಂಗ್: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತೇವೆ

ಬಹುರಾಷ್ಟ್ರೀಯ ಕಂಪನಿಗಳಲ್ಲಿ ಕೆಲಸ ಮಾಡುವ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. “ಬೇರೆ ದೇಶದ ಟೀಮ್ ಜೊತೆ ಹೊಂದಾಣಿಕೆ ಆಗ್ತಿಲ್ಲ ಅಂತ ಒಂದು ದಿನದ ಕಲ್ಚರಲ್ ಟ್ರೇನಿಂಗ್ ಮಾಡಿಸಿದೆವು. ಎಲ್ಲರಿಗೂ ಇಷ್ಟವಾಯಿತು. ಆದರೆ ಕೆಲಸದಲ್ಲಿ ಏನೂ ಬದಲಾಗಲಿಲ್ಲ. ಇನ್ನೇನು ಮಾಡೋದು?”

ಉತ್ತರ ಅಂಥ ಕಷ್ಟದ್ದೇನಲ್ಲ. ಆ ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟದ್ದು ದೇಶದ ಬಗ್ಗೆ. ವಿಸಿಟಿಂಗ್ ಕಾರ್ಡನ್ನು ಯಾವ ಕೈಯಲ್ಲಿ ಕೊಡಬೇಕು, ಎಷ್ಟು ಬಗ್ಗಿ ನಮಸ್ಕರಿಸಬೇಕು, ಯಾವ ಸಂಖ್ಯೆ ಅಶುಭ, ಇಂಥವು. ಜಗಳ ನಡೆಯುತ್ತಿರುವುದು ಅಲ್ಲಲ್ಲ. ಇಮೇಲ್‌ಗೆ ಉತ್ತರ ಬರದಿರುವುದು, ಮೀಟಿಂಗ್‌ನಲ್ಲಿ ಒಪ್ಪಿದ್ದು ಆಮೇಲೆ ಆಗದಿರುವುದು, ಕೆಟ್ಟ ಸುದ್ದಿ ಕೊನೆಯ ದಿನ ಗೊತ್ತಾಗುವುದು, ಜಗಳ ಇರುವುದು ಇಲ್ಲಿ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ದೇಶದಿಂದ ಶುರು ಮಾಡುವುದಿಲ್ಲ, ಕೆಲಸದಿಂದ ಶುರು ಮಾಡುತ್ತೇನೆ. ನೀವು ಎಚ್‌ಆರ್‌ನಲ್ಲಿರಬಹುದು, ಟೀಮ್ ಲೀಡ್ ಇರಬಹುದು, ಅಥವಾ “ಇದನ್ನೂ ನೀನೇ ನೋಡ್ಕೋ” ಅಂತ ಜವಾಬ್ದಾರಿ ಹೊರಿಸಿಕೊಂಡವರಿರಬಹುದು. ಯಾರಾದರೂ ಈ ಕ್ರಮದಲ್ಲಿ ಹೋಗಬಹುದು.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದದ್ದು ಇಷ್ಟು. ಎರಡೂ ಕಡೆಯ ಟೀಮ್‌ಗಳಿಂದ ಒಬ್ಬೊಬ್ಬರು ನಂಬಿಕಸ್ಥರು. ಕಳೆದ ಕೆಲವು ತಿಂಗಳ ಮೀಟಿಂಗ್ ಟಿಪ್ಪಣಿ ಮತ್ತು ತಡವಾದ ಕೆಲಸಗಳ ಪಟ್ಟಿ. ಮತ್ತೆ, ಸೆಷನ್‌ಗೆ ತಾವೂ ಬಂದು ಕೂರುವ ಒಬ್ಬ ದೊಡ್ಡ ಮ್ಯಾನೇಜರ್. “ನನಗೆ ಬೇಡ, ಟೀಮ್‌ಗೆ ಮಾಡಿಸಿ” ಎನ್ನುವ ಮ್ಯಾನೇಜರ್ ಇದ್ದರೆ ಮೊದಲು ಅವರನ್ನು ಒಪ್ಪಿಸಿ. ಆಮೇಲೆ ಉಳಿದದ್ದು.

ಹಂತ 1: ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ, ಪತ್ತೆ ಮಾಡಿ

ಎರಡೂ ಕಡೆಯವರ ಹತ್ತಿರ ಒಬ್ಬೊಬ್ಬರಾಗಿ ಮಾತಾಡಿ. ಗುಂಪಿನಲ್ಲಿ ಕೇಳಬೇಡಿ, ಗುಂಪಿನಲ್ಲಿ ಎಲ್ಲರೂ ಒಳ್ಳೆಯವರೇ. “ಅವರ ಸಂಸ್ಕೃತಿ ಬಗ್ಗೆ ನಿಮಗೇನು ಅನ್ನಿಸುತ್ತೆ?” ಎಂದು ಕೇಳಿದರೆ ಕೆಲಸಕ್ಕೆ ಬಾರದ ಉತ್ತರ ಬರುತ್ತದೆ. ಹೀಗೆ ಕೇಳಿ:

- ಈಚೆಗೆ ಯಾವ ಕೆಲಸ ಎರಡು ಸಲ ಮಾಡಬೇಕಾಗಿ ಬಂತು? ಮೊದಲ ಸಲ ಯಾರು ಏನು ಅಂದುಕೊಂಡಿದ್ದರು?
- ಯಾವ ಇಮೇಲ್ ಓದಿ ಸಿಟ್ಟು ಬಂತು? ಅದನ್ನು ತೋರಿಸುತ್ತೀರಾ?
- ಆ ಕಡೆಯಿಂದ ಉತ್ತರ ಬರದಿದ್ದಾಗ ನೀವು ಏನೆಂದು ಅರ್ಥ ಮಾಡಿಕೊಳ್ಳುತ್ತೀರಿ?
- ನಿಮಗೆ ಗೊತ್ತಿದ್ದೂ ನೀವು ಹೇಳದೇ ಬಿಟ್ಟ ಸಮಸ್ಯೆ ಯಾವುದು? ಏಕೆ ಹೇಳಲಿಲ್ಲ?

ಕೊನೆಯ ಪ್ರಶ್ನೆಗೆ ಉತ್ತರ ನಿಧಾನವಾಗಿ ಬರುತ್ತದೆ, ಆದರೆ ಅದೇ ಜಾಸ್ತಿ ಬೆಲೆಬಾಳುವುದು. ಬಂದ ದೂರುಗಳಲ್ಲಿ ಮೂರನ್ನು ಮಾತ್ರ ಆರಿಸಿಕೊಳ್ಳಿ. ಹದಿನೈದು ಇಟ್ಟುಕೊಂಡರೆ ಒಂದೂ ಮುಗಿಯುವುದಿಲ್ಲ.

ಎಚ್ಚರಿಕೆ: ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟಬೇಡಿ. ಪ್ರತಿ ದೂರಿಗೂ ಮೊದಲು ಮೂರು ಪ್ರಶ್ನೆ ಹಾಕಿ. ಭಾಷೆ ಅರ್ಥವಾಗದೆ ಹೀಗಾಯಿತಾ? ಯಾರ ಕೆಲಸ ಯಾವುದು ಅನ್ನುವುದೇ ಸ್ಪಷ್ಟವಿಲ್ಲದೆ ಹೀಗಾಯಿತಾ? ಆ ಕಡೆಯವರಿಗೆ ಸುಮ್ನೆ ಕೆಲಸದ ಹೊರೆ ಜಾಸ್ತಿಯಾಗಿ ಹೀಗಾಯಿತಾ? ಮೂರಕ್ಕೂ ಅಲ್ಲ ಎಂದಾದರೆ ಮಾತ್ರ ಅದು ಟ್ರೇನಿಂಗ್‌ನ ವಿಷಯ. ಐದು ಜನರ ಕೆಲಸವನ್ನು ಇಬ್ಬರು ಮಾಡುತ್ತಿರುವ ಆಫೀಸಿಗೆ “ಸಮಯಪಾಲನೆಯ ಸಂಸ್ಕೃತಿ” ಕಲಿಸಲು ಹೊರಟರೆ ನಗೆಪಾಟಲಾಗುತ್ತೀರಿ.

ಇದಕ್ಕೆ ದೊಡ್ಡ ಉದಾಹರಣೆ ಬೇಕಿದ್ದರೆ ಡೈಮ್ಲರ್-ಬೆನ್ಜ್ ಮತ್ತು ಕ್ರೈಸ್ಲರ್ ಕಥೆ ಇದೆ. 1998ರಲ್ಲಿ “ಸಮಾನರ ವಿಲೀನ” ಎಂದು ಘೋಷಿಸಿ ಒಂದಾದ ಜರ್ಮನಿ ಮತ್ತು ಅಮೆರಿಕದ ಈ ಕಾರು ಕಂಪನಿಗಳು 2007ರಲ್ಲಿ ಬೇರೆಯಾದವು. ಕ್ರೈಸ್ಲರ್‌ನ ಬಹುಪಾಲು ಸೆರ್ಬೆರಸ್ ಎಂಬ ಹೂಡಿಕೆ ಸಂಸ್ಥೆಯ ಪಾಲಾಯಿತು. ಕಲ್ಚರಲ್ ಟ್ರೇನಿಂಗ್ ಮಾರುವವರೆಲ್ಲ ಇದನ್ನು ಸಂಸ್ಕೃತಿಗಳ ಘರ್ಷಣೆ ಎಂದೇ ಹೇಳುತ್ತಾರೆ. ಘರ್ಷಣೆ ಇತ್ತು, ನಿಜ. ಸಂಬಳದ ಕ್ರಮದಿಂದ ಹಿಡಿದು ತೀರ್ಮಾನ ತೆಗೆದುಕೊಳ್ಳುವ ರೀತಿಯವರೆಗೆ ಇತ್ತು. ಆದರೆ ಹೆಸರಿಗೆ ಸಮಾನರು, ಅಧಿಕಾರ ಮಾತ್ರ ಒಂದೇ ಕಡೆ ಎಂಬ ಅಸಮಾಧಾನವೂ, ಮಾರುಕಟ್ಟೆಯ ನಷ್ಟವೂ ಅಷ್ಟೇ ದೊಡ್ಡದಾಗಿದ್ದವು. ಅವನ್ನು ಯಾವ ವರ್ಕ್‌ಶಾಪ್ ಕೂಡ ಸರಿ ಮಾಡುತ್ತಿರಲಿಲ್ಲ.

ಇನ್ನೊಂದು ಸಣ್ಣ ಮಾತು. ಈ ಮಾತುಕತೆಯ ಟಿಪ್ಪಣಿಯಲ್ಲಿ ಹೆಸರು ಬರೆಯಬೇಡಿ. ಯುರೋಪಿನ ಉದ್ಯೋಗಿಗಳು ಇದ್ದರೆ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್, ಅಂದರೆ ವೈಯಕ್ತಿಕ ಮಾಹಿತಿ ರಕ್ಷಣೆಯ ನಿಯಮ, ಇಂಥ ದಾಖಲೆಗೂ ಅನ್ವಯಿಸುತ್ತದೆ. ಯಾರ ಧರ್ಮ, ಮೂಲ, ನಂಬಿಕೆಯನ್ನೂ ಫಾರ್ಮ್‌ನಲ್ಲಿ ಕೇಳಬೇಡಿ. ನಿಮಗೆ ಅದು ಬೇಕಾಗಿಯೂ ಇಲ್ಲ.

ಹಂತ 2: ಯಾರಿಗೆ ಟ್ರೇನಿಂಗ್ ಎಂದು ತೀರ್ಮಾನಿಸಿ

ಸಾಮಾನ್ಯವಾಗಿ ಮೂರು ಗುಂಪು ಇರುತ್ತವೆ. ಒಂದು, ಬೇರೆ ದೇಶಕ್ಕೆ ವರ್ಗವಾಗಿ ಹೋಗುವವರು. ಎಚ್‌ಆರ್ ಭಾಷೆಯಲ್ಲಿ ಇವರನ್ನು ಎಕ್ಸ್‌ಪ್ಯಾಟ್ ಎನ್ನುತ್ತಾರೆ. ಎರಡು, ತಮ್ಮ ಜಾಗದಲ್ಲೇ ಕೂತು ಪರದೇಶದ ಟೀಮ್ ಜೊತೆ ಪರದೆಯ ಮೇಲೆ ಕೆಲಸ ಮಾಡುವವರು. ಮೂರು, ಮುಖ್ಯ ಕಚೇರಿಯ ಮ್ಯಾನೇಜರ್‌ಗಳು. ಮೂವರಿಗೂ ಒಂದೇ ಸ್ಲೈಡ್ ತೋರಿಸುವುದು ವ್ಯರ್ಥ.

ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು ಇಲ್ಲೇ. ಟ್ರೇನಿಂಗ್ ಯಾವಾಗಲೂ ಶಾಖೆಯವರಿಗೆ. “ಮುಖ್ಯ ಕಚೇರಿಯವರ ಜೊತೆ ಹೇಗೆ ಮಾತಾಡಬೇಕು” ಅಂತ ಅವರು ಕಲಿಯಬೇಕು. ಮುಖ್ಯ ಕಚೇರಿಯವರು ಏನೂ ಕಲಿಯಬೇಕಿಲ್ಲ, ಏಕೆಂದರೆ ತಾವು ಮಾಡುವುದು ಸಂಸ್ಕೃತಿ ಎಂದು ಅವರಿಗೆ ಅನ್ನಿಸುವುದೇ ಇಲ್ಲ, ಅದು “ಸರಿಯಾದ ಕ್ರಮ”. ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಅಭ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ? ಆದ್ದರಿಂದ ನನ್ನ ಸಲಹೆ ಇದು: ಹಣ ಒಂದು ಗುಂಪಿಗೆ ಮಾತ್ರ ಸಾಲುತ್ತದೆ ಎಂದಾದರೆ ಮುಖ್ಯ ಕಚೇರಿಯ ಮ್ಯಾನೇಜರ್‌ಗಳನ್ನೇ ಆರಿಸಿ.

ವಾಲ್‌ಮಾರ್ಟ್ 1997ರ ಕೊನೆಯಲ್ಲಿ ಜರ್ಮನಿಗೆ ಕಾಲಿಟ್ಟಿತು. ಅಮೆರಿಕದಲ್ಲಿ ಗೆದ್ದಿದ್ದ ಕ್ರಮಗಳನ್ನೇ ಅಲ್ಲಿಗೂ ಒಯ್ದಿತು. ಗಿರಾಕಿಗಳನ್ನು ನಗುಮುಖದಿಂದ ಸ್ವಾಗತಿಸಬೇಕು, ಕೆಲಸಕ್ಕೆ ಮುನ್ನ ಎಲ್ಲರೂ ಸೇರಿ ಕಂಪನಿಯ ಘೋಷಣೆ ಕೂಗಬೇಕು. ಸಹೋದ್ಯೋಗಿಗಳ ನಡುವಿನ ಪ್ರೇಮ ಸಂಬಂಧದ ಮೇಲೂ ನೀತಿಸಂಹಿತೆಯಲ್ಲಿ ನಿರ್ಬಂಧವಿತ್ತು. ಆ ನಿರ್ಬಂಧಕ್ಕೆ 2005ರಲ್ಲಿ ಜರ್ಮನಿಯ ಕಾರ್ಮಿಕ ನ್ಯಾಯಾಲಯ ತಡೆಹಾಕಿತು. 2006ರಲ್ಲಿ ವಾಲ್‌ಮಾರ್ಟ್ ತನ್ನ 85 ಮಳಿಗೆಗಳನ್ನು ಮೆಟ್ರೊ ಕಂಪನಿಗೆ ಮಾರಿ ಹೊರಟಿತು. ಆಲ್ಡಿ, ಲಿಡ್ಲ್‌ನಂಥ ಅಗ್ಗದ ಅಂಗಡಿಗಳ ಪೈಪೋಟಿಯೂ ದೊಡ್ಡ ಕಾರಣ, ಅದನ್ನು ಮರೆಯಬಾರದು. ಆದರೆ ಆ ಮಳಿಗೆಗಳಲ್ಲಿ ಜರ್ಮನ್ ನೌಕರರಿಗೆ ನಗುವುದನ್ನು ಕಲಿಸುವುದಕ್ಕಿಂತ ಅವರ ಮೇಲಿನವರಿಗೆ ಜರ್ಮನಿಯ ಕಾರ್ಮಿಕ ಕಾನೂನು ಕಲಿಸುವುದು ತುರ್ತಾಗಿತ್ತು.

ಹಂತ 3: ಸಿದ್ಧಾಂತ ಬೇಕು, ಆದರೆ ಉಪ್ಪಿನಷ್ಟು

ಯಾವ ಟ್ರೇನರ್ ಬಂದರೂ ಎರಡು ಹೆಸರು ಹೇಳುತ್ತಾರೆ. ಮೊದಲೇ ಗೊತ್ತಿರಲಿ.

ಒಂದು, ಎಡ್ವರ್ಡ್ ಟಿ. ಹಾಲ್. ಈ ಮಾನವಶಾಸ್ತ್ರಜ್ಞರು 1950ರ ದಶಕದ ಆರಂಭದಲ್ಲಿ ವಿದೇಶಕ್ಕೆ ಹೋಗುವ ಅಮೆರಿಕದ ಅಧಿಕಾರಿಗಳಿಗೆ ತರಬೇತಿ ಕೊಡುತ್ತಿದ್ದರು. ಇವತ್ತಿನ ಕಲ್ಚರಲ್ ಟ್ರೇನಿಂಗ್‌ನ ಬೇರು ಬಹುಮಟ್ಟಿಗೆ ಅಲ್ಲಿದೆ. 1976ರಲ್ಲಿ ಅವರು ಹೈ ಕಾಂಟೆಕ್ಸ್ಟ್, ಲೋ ಕಾಂಟೆಕ್ಸ್ಟ್ ಎಂಬ ವಿಂಗಡಣೆ ಮಾಡಿದರು. ಲೋ ಕಾಂಟೆಕ್ಸ್ಟ್ ಎಂದರೆ ಹೇಳಬೇಕಾದ್ದೆಲ್ಲ ಮಾತಿನಲ್ಲೇ ಇರುತ್ತದೆ. ಹೈ ಕಾಂಟೆಕ್ಸ್ಟ್ ಎಂದರೆ ಯಾರು, ಯಾರಿಗೆ, ಯಾವಾಗ, ಯಾವ ಸಂಬಂಧದಲ್ಲಿ ಹೇಳಿದರು ಎಂಬುದರಲ್ಲೇ ಅರ್ಧ ಅರ್ಥ ಇರುತ್ತದೆ.

ಇನ್ನೊಂದು, ಡಚ್ ಸಂಶೋಧಕ ಗೀರ್ಟ್ ಹೋಫ್‌ಸ್ಟೆಡ್. 1960ರ ದಶಕದ ಕೊನೆ ಮತ್ತು 1970ರ ದಶಕದ ಆರಂಭದಲ್ಲಿ ಐಬಿಎಂ ತನ್ನ ಹಲವು ದೇಶಗಳ ಉದ್ಯೋಗಿಗಳಿಂದ ತುಂಬಿಸಿಕೊಂಡ 1 ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳನ್ನು ಇವರು ವಿಶ್ಲೇಷಿಸಿದರು. ದೇಶಗಳನ್ನು ಹೋಲಿಸುವ ಅಂಕಗಳು ಹುಟ್ಟಿದ್ದು ಅಲ್ಲಿಂದ. ಅದರಲ್ಲಿ ಪವರ್ ಡಿಸ್ಟೆನ್ಸ್ ಎಂಬುದು ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಮೇಲಿನವರಿಗೂ ಕೆಳಗಿನವರಿಗೂ ಅಧಿಕಾರದಲ್ಲಿ ಅಂತರ ಇರುವುದನ್ನು ಕೆಳಗಿನವರು ಎಷ್ಟು ಸಹಜ ಎಂದು ಒಪ್ಪಿಕೊಂಡಿದ್ದಾರೆ ಅನ್ನುವುದರ ಅಳತೆ ಅದು.

ಎಚ್ಚರಿಕೆ: ಈ ಅಂಕಗಳು ಗುಂಪಿನ ಸರಾಸರಿ. ಒಬ್ಬ ವ್ಯಕ್ತಿಯ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಇದನ್ನು ಹೋಫ್‌ಸ್ಟೆಡ್ ತಾವೇ ಒತ್ತಿ ಹೇಳಿದ್ದರು. ಜೊತೆಗೆ, ಆ ಉತ್ತರಗಳು ಒಂದೇ ಕಂಪನಿಯವು, ಅರ್ಧ ಶತಮಾನದಷ್ಟು ಹಳೆಯವು. “ನೀವು ಇಂಥ ದೇಶದವರು, ನಿಮಗೆ ಶ್ರೇಣಿ ಮುಖ್ಯ ಅಲ್ವಾ?” ಎಂದು ಎದುರಿಗಿರುವ ಸಹೋದ್ಯೋಗಿಗೆ ಹೇಳಿದರೆ ಟ್ರೇನಿಂಗ್‌ನಿಂದ ಲಾಭದ ಬದಲು ನಷ್ಟವಾಯಿತು ಎಂದೇ ಲೆಕ್ಕ. ಸಿದ್ಧಾಂತದಿಂದ ಪ್ರಶ್ನೆ ಹುಟ್ಟಬೇಕು. ಉತ್ತರ ಆ ಮನುಷ್ಯನಿಂದಲೇ ಬರಬೇಕು.

ಒಟ್ಟು ಟ್ರೇನಿಂಗ್‌ನಲ್ಲಿ ಇದಕ್ಕೆ ಅರ್ಧ ಗಂಟೆ ಸಾಕು.

ಹಂತ 4: ನಿಮ್ಮದೇ ಘಟನೆಗಳನ್ನು ಬರೆಯಿರಿ

ಇದೇ ಇಡೀ ಕೆಲಸದ ಹೃದಯ. ಇಲ್ಲಿ ಸಮಯ ಹಾಕಿ.

1960ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಕಲ್ಚರ್ ಅಸಿಮಿಲೇಟರ್ ಎಂಬ ಕ್ರಮ ಕಟ್ಟಿದರು. ಒಂದು ಸಣ್ಣ ಘಟನೆ, ಅದಕ್ಕೆ ಹಲವು ವಿವರಣೆಗಳು. ಓದುವವರು ಒಂದನ್ನು ಆರಿಸಬೇಕು. ಆಮೇಲೆ ಪ್ರತಿ ಆಯ್ಕೆ ಏಕೆ ಸರಿ, ಏಕೆ ಅಲ್ಲ ಎಂಬ ಚರ್ಚೆ. ಇಷ್ಟು ವರ್ಷಗಳಾದರೂ ಇದಕ್ಕಿಂತ ಒಳ್ಳೆಯ ಸಾಧನ ನನ್ನ ಕಣ್ಣಿಗೆ ಬಿದ್ದಿಲ್ಲ. ಹಂತ 1ರಲ್ಲಿ ಆರಿಸಿದ ಮೂರು ದೂರುಗಳಿಂದ ಮೂರು ಘಟನೆ ಬರೆಯಿರಿ. ಮಾದರಿಗೆ ನಾನೇ ಕಟ್ಟಿದ ಒಂದು ಇಲ್ಲಿದೆ.

*ಘಟನೆ.* ನೆದರ್ಲೆಂಡ್ಸ್‌ನ ಒಬ್ಬ ಮ್ಯಾನೇಜರ್ ವೀಡಿಯೊ ಕಾಲ್‌ನಲ್ಲಿ ಟೋಕಿಯೊ ಟೀಮ್‌ಗೆ ಹೊಸ ಟೆಸ್ಟಿಂಗ್ ಪ್ಲಾನ್ ತೋರಿಸುತ್ತಾರೆ. ಕೊನೆಗೆ “ಯಾರದ್ದಾದರೂ ಆಕ್ಷೇಪ ಇದೆಯಾ?” ಎನ್ನುತ್ತಾರೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಟೋಕಿಯೊದ ಟೀಮ್ ಲೀಡ್, “ಧನ್ಯವಾದ, ನಾವು ಪರಿಶೀಲಿಸುತ್ತೇವೆ” ಎನ್ನುತ್ತಾರೆ. ಮ್ಯಾನೇಜರ್ ಮೀಟಿಂಗ್ ಟಿಪ್ಪಣಿಯಲ್ಲಿ “ಎಲ್ಲರ ಒಪ್ಪಿಗೆ ಸಿಕ್ಕಿದೆ” ಎಂದು ಬರೆದು ಕಳಿಸುತ್ತಾರೆ. ಎರಡು ವಾರವಾದರೂ ಕೆಲಸ ಶುರುವಾಗಿಲ್ಲ. ಕೇಳಿದರೆ, ಇನ್ನೂ ಒಳಗೆ ಚರ್ಚೆ ನಡೆಯುತ್ತಿದೆ ಎಂಬ ಉತ್ತರ.

ಏನಾಗಿರಬಹುದು?

ಅ) ಟೋಕಿಯೊ ಟೀಮ್‌ಗೆ ಈ ಪ್ಲಾನ್ ಬೇಡ, ಬೇಕೆಂದೇ ಎಳೆಯುತ್ತಿದ್ದಾರೆ.
ಆ) ಕಾಲ್‌ನಲ್ಲಿ ಆಡಿದ ಇಂಗ್ಲಿಷ್ ಪೂರ್ತಿ ಅರ್ಥವಾಗಿಲ್ಲ.
ಇ) ತೀರ್ಮಾನ ಆಗುವ ಜಾಗ ಮೀಟಿಂಗ್ ಅಲ್ಲ, ಅದಕ್ಕೂ ಮುಂಚಿನ ಮಾತುಕತೆ. ಅದು ನಡೆದೇ ಇಲ್ಲ.
ಈ) ಟೀಮ್ ಲೀಡ್‌ಗೆ ಒಪ್ಪಿಗೆ ಕೊಡುವ ಅಧಿಕಾರವಿಲ್ಲ.

ಹೆಚ್ಚಿನವರು ಮೊದಲು “ಅ” ಆರಿಸುತ್ತಾರೆ. ಸಿಟ್ಟಿನಲ್ಲಿ ಇರುವವರಿಗೆ ಅದೇ ಹೊಳೆಯುವುದು. ಜಾಸ್ತಿ ಸಂಭವ ಇರುವುದು “ಇ”. ಜಪಾನಿನ ಬಹಳಷ್ಟು ಕಂಪನಿಗಳಲ್ಲಿ ನೆಮಾವಾಶಿ ಎಂಬ ರೂಢಿ ಇದೆ. ಪ್ರಸ್ತಾಪವನ್ನು ಮೀಟಿಂಗ್‌ಗೆ ತರುವ ಮುನ್ನ ಸಂಬಂಧಪಟ್ಟ ಪ್ರತಿಯೊಬ್ಬರ ಹತ್ತಿರ ಪ್ರತ್ಯೇಕವಾಗಿ ಮಾತಾಡಿ, ಆಕ್ಷೇಪ ಕೇಳಿಸಿಕೊಂಡು, ತಿದ್ದಿ ತರುವುದು. ರಿಂಗಿ ಎಂಬ ಇನ್ನೊಂದು ಪದ್ಧತಿಯಲ್ಲಿ ಪ್ರಸ್ತಾಪದ ಪತ್ರ ಒಬ್ಬರಿಂದೊಬ್ಬರ ಮೇಜಿಗೆ ಹೋಗಿ ಎಲ್ಲರ ಮುದ್ರೆ ಬೀಳಬೇಕು. ಈ ದಾರಿಯಲ್ಲಿ ತೀರ್ಮಾನ ನಿಧಾನ, ಆದರೆ ಒಮ್ಮೆ ಆಯಿತೆಂದರೆ ಜಾರಿ ವೇಗ. ಎಲ್ಲರೆದುರು ಮೇಲಿನವರ ಪ್ಲಾನ್‌ನಲ್ಲಿ ತಪ್ಪು ಎತ್ತಿ ತೋರಿಸುವುದು ಅಲ್ಲಿ ಅವರನ್ನು ಮುಜುಗರಕ್ಕೆ ಈಡುಮಾಡಿದ ಹಾಗೆ. “ಈ” ಕೂಡ ತಳ್ಳಿಹಾಕುವ ಹಾಗಿಲ್ಲ, “ಆ” ಅಂತೂ ಕೇಳಿ ಖಾತ್ರಿ ಮಾಡಿಕೊಳ್ಳಲೇಬೇಕು.

ಇಲ್ಲಿಗೆ ನಿಲ್ಲಿಸಿದರೆ ಟ್ರೇನಿಂಗ್ ಅರ್ಧವಾದ ಹಾಗೆ. ಅದೇ ಘಟನೆಯನ್ನು ಆ ಕಡೆಯಿಂದಲೂ ಬರೆಯಿಸಿ. ಟೋಕಿಯೊದವರಿಗೆ ಹೇಗೆ ಕಂಡಿರಬಹುದು? ಯಾರನ್ನೂ ಕೇಳದೆ ಪ್ಲಾನ್ ತಂದರು, ಎಲ್ಲರೆದುರು ಆಕ್ಷೇಪ ಹೇಳಿ ಎಂದು ಇಕ್ಕಟ್ಟಿಗೆ ಸಿಕ್ಕಿಸಿದರು, ನಾವು ಒಪ್ಪದಿದ್ದರೂ ಒಪ್ಪಿದೆವೆಂದು ಬರೆದರು. ನೆದರ್ಲೆಂಡ್ಸ್‌ನವರ ಕಡೆಯಿಂದ ನೋಡಿದರೆ, ಮೀಟಿಂಗ್ ಇರುವುದೇ ಎದುರಾಬದುರಾ ಹೇಳುವುದಕ್ಕೆ. ಬೆನ್ನ ಹಿಂದೆ ಒಬ್ಬೊಬ್ಬರನ್ನೇ ಮಾತಾಡಿಸುವುದು ಅವರಿಗೆ ರಾಜಕೀಯದ ಹಾಗೆ ಕಾಣುತ್ತದೆ. ಎರಡೂ ಕಡೆ ಕೆಟ್ಟವರು ಯಾರೂ ಇಲ್ಲ ಎಂಬುದು ಈ ಜಾಗದಲ್ಲಿ ತಾನಾಗಿ ಗೊತ್ತಾಗುತ್ತದೆ, ನೀವು ಭಾಷಣ ಮಾಡಬೇಕಿಲ್ಲ.

ಕೊನೆಗೆ, “ಮುಂದಿನ ಸಲ ಏನು ಮಾಡೋಣ?” ಈ ಪ್ರಶ್ನೆಗೆ ಮೂರು ಸಾಲಿನ ಉತ್ತರ ಬರಬೇಕು. ಈ ಘಟನೆಗಾದರೆ: ಪ್ಲಾನ್ ಮೂರು ದಿನ ಮುಂಚೆ ಹೋಗಬೇಕು. ಟೀಮ್ ಲೀಡ್ ಜೊತೆ ಮೊದಲೇ ಪ್ರತ್ಯೇಕವಾಗಿ ಮಾತಾಡಬೇಕು. ಕಾಲ್‌ನಲ್ಲಿ “ಆಕ್ಷೇಪ ಇದೆಯಾ?” ಎನ್ನುವ ಬದಲು “ಈ ಪ್ಲಾನ್‌ನಲ್ಲಿ ಕಷ್ಟವಾಗುವ ಎರಡು ಜಾಗ ಯಾವುವು?” ಎಂದು ಕೇಳಬೇಕು. ಕಷ್ಟ ಹೇಳಿ ಎಂದು ಕೇಳಿದಾಗ ಹೇಳುವುದು ವಿರೋಧವಾಗುವುದಿಲ್ಲ, ಸಹಾಯವಾಗುತ್ತದೆ.

ಎಚ್ಚರಿಕೆ: ಘಟನೆಯಲ್ಲಿ ನಿಜವಾದ ಉದ್ಯೋಗಿ ಯಾರೆಂದು ಊಹಿಸುವ ಹಾಗಿರಬಾರದು. ಪ್ರಾಜೆಕ್ಟ್, ವಿಭಾಗ ಬದಲಿಸಿ. ಬರೆದದ್ದನ್ನು ಎರಡೂ ಕಡೆಯ ಆ ನಂಬಿಕಸ್ಥರಿಗೆ ತೋರಿಸಿಯೇ ಬಳಸಿ. “ನಮ್ಮಲ್ಲಿ ಹೀಗೆ ಯಾರೂ ಮಾಡಲ್ಲ” ಎಂದು ಅವರು ಹೇಳಿದರೆ ವಾದ ಮಾಡಬೇಡಿ, ಕಿತ್ತುಹಾಕಿ.

ಹಂತ 5: ಟ್ರೇನರ್ ಆರಿಸುವುದು

ಚಿಕ್ಕ ಟೀಮ್ ಆದರೆ ಟ್ರೇನರ್ ಇಲ್ಲದೆಯೂ ನಡೆಯುತ್ತದೆ. ಕರೆಸುವುದಾದರೆ ಅವರಿಗೆ ಒಂದೇ ಪರೀಕ್ಷೆ ಕೊಡಿ: ನಿಮ್ಮ ಒಂದು ಘಟನೆ ಕಳಿಸಿ, ಇದನ್ನು ಸೆಷನ್‌ನಲ್ಲಿ ಹೇಗೆ ನಡೆಸುತ್ತೀರಿ ಎಂದು ಕೇಳಿ. ನಿಮಗೇ ತಿರುಗಿ ಪ್ರಶ್ನೆ ಕೇಳುವವರು ಬೇಕು. ತಕ್ಷಣ “ಆ ದೇಶದವರು ಹಾಗೇ” ಎಂದು ಶುರು ಮಾಡುವವರು ಬೇಡ. ಆ ದೇಶದಲ್ಲಿ ಹುಟ್ಟಿದ್ದಾರೆ ಎಂಬುದಷ್ಟೇ ಅರ್ಹತೆಯಲ್ಲ. ಅಲ್ಲಿನ ಆಫೀಸಿನಲ್ಲಿ ಹೊರಗಿನವರ ಜೊತೆ ಕೆಲಸ ಮಾಡಿದ್ದಾರಾ ಎಂಬುದು ಮುಖ್ಯ.

ಟೀಮ್‌ನಲ್ಲೇ ಇರುವ ಆ ದೇಶದ ಒಬ್ಬ ಉದ್ಯೋಗಿಯನ್ನು ಹಿಡಿದು “ನೀವೇ ನಿಮ್ಮ ಸಂಸ್ಕೃತಿ ಬಗ್ಗೆ ಹೇಳಿ” ಎಂದು ನಿಲ್ಲಿಸಬೇಡಿ. ಅವರು ತಮ್ಮ ಕೆಲಸಕ್ಕೆ ಸೇರಿದವರು, ದೇಶದ ವಕ್ತಾರರಾಗಲು ಅಲ್ಲ.

ಹಂತ 6: ಸೆಷನ್‌ಗಳನ್ನು ಬಿಡಿಬಿಡಿಯಾಗಿ ನಡೆಸಿ

ಒಂದೇ ದಿನ ಎಂಟು ಗಂಟೆ ಬೇಡ. ವಾರಕ್ಕೊಂದರಂತೆ ಒಂದೂವರೆ ಗಂಟೆಯ ನಾಲ್ಕು ಸೆಷನ್ ಇಟ್ಟುಕೊಳ್ಳಿ. ಮೊದಲೆರಡು ಆಯಾ ಕಡೆಯವರಿಗೆ ಪ್ರತ್ಯೇಕ. ಸ್ವಂತ ಜನರ ನಡುವೆ ಮಾತ್ರ ಹೊರಬರುವ ಮಾತುಗಳಿರುತ್ತವೆ, ಅವು ಅಲ್ಲಿ ಖಾಲಿಯಾಗಲಿ. ಕೊನೆಯ ಎರಡು ಒಟ್ಟಿಗೆ. ಸೆಷನ್‌ಗಳ ನಡುವೆ ಸಣ್ಣ ಕೆಲಸ ಕೊಡಿ. ಉದಾಹರಣೆಗೆ, ಈ ವಾರ ಆ ಕಡೆಗೆ ಕಳಿಸಿದ ಒಂದು ಇಮೇಲ್ ತನ್ನಿ, ಅದನ್ನು ಆ ಕಡೆಯವರೇ ತಿದ್ದಲಿ.

ಕೆಲಸದ ಜಾಗದಲ್ಲೇ ಕಲಿಯುವುದು ಎಷ್ಟು ಪರಿಣಾಮಕಾರಿ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ 1982ರಲ್ಲಿ ಮುಚ್ಚಿತ್ತು. ಗುಣಮಟ್ಟ, ಗೈರುಹಾಜರಿ ಎರಡರಲ್ಲೂ ಅದಕ್ಕೆ ಕೆಟ್ಟ ಹೆಸರು. ಟೊಯೊಟಾ ಜೊತೆ ಸೇರಿ 1984ರಲ್ಲಿ ನುಮ್ಮಿ ಎಂಬ ಹೆಸರಿನಲ್ಲಿ ಮತ್ತೆ ತೆರೆದಾಗ ಸೇರಿಸಿಕೊಂಡವರಲ್ಲಿ ಹೆಚ್ಚಿನವರು ಅದೇ ಹಳೆಯ ಕಾರ್ಮಿಕರು. ಅವರಲ್ಲಿ ನೂರಾರು ಜನರನ್ನು ಜಪಾನಿನ ಟೊಯೊಟಾ ಕಾರ್ಖಾನೆಗೆ ಕಳಿಸಿ, ಅಲ್ಲಿನವರ ಪಕ್ಕದಲ್ಲಿ ನಿಂತು ಕೆಲಸ ಮಾಡಿಸಲಾಯಿತು. ತೊಂದರೆ ಕಂಡರೆ ಸಾಮಾನ್ಯ ಕಾರ್ಮಿಕನೂ ಹಗ್ಗ ಎಳೆದು ಸಹಾಯ ಕರೆಯಬಹುದು, ಬೇಕಾದರೆ ಲೈನ್ ನಿಲ್ಲಿಸಬಹುದು ಎಂಬುದನ್ನು ಅವರು ಸ್ಲೈಡ್‌ನಲ್ಲಿ ಓದಲಿಲ್ಲ, ಕಣ್ಣಾರೆ ಕಂಡರು. ಅದೇ ಜನ ಆಮೇಲೆ ಮಾಡಿದ ಕಾರುಗಳ ಗುಣಮಟ್ಟ ಹೆಸರು ಮಾಡಿತು. ಎಲ್ಲರನ್ನೂ ವಿಮಾನ ಹತ್ತಿಸಲು ನಿಮಗೆ ಆಗಲಿಕ್ಕಿಲ್ಲ. ಆದರೆ ಆ ಕಡೆಯ ಒಂದು ದಿನದ ಕೆಲಸವನ್ನು ಪಕ್ಕದಲ್ಲಿ ಕೂತು ನೋಡುವ ವ್ಯವಸ್ಥೆಯನ್ನು ಪರದೆಯ ಮೇಲೂ ಮಾಡಬಹುದು.

ಎಚ್ಚರಿಕೆ: ಇಂಗ್ಲಿಷ್ ಸಲೀಸಾಗಿ ಬರುವವರೇ ಇಡೀ ಸೆಷನ್ ಮಾತಾಡಿಬಿಡುತ್ತಾರೆ. ಅವರಿಗೂ ಕಲಿಸಬೇಕಾದ್ದಿದೆ: ನಿಧಾನವಾಗಿ ಮಾತಾಡುವುದು, ಆಟದಿಂದ ಬಂದ ನುಡಿಗಟ್ಟು ಬಿಡುವುದು, ಒಂದು ವಾಕ್ಯದಲ್ಲಿ ಒಂದೇ ವಿಷಯ ಹೇಳುವುದು, ಪ್ರಶ್ನೆ ಕೇಳಿದ ಮೇಲೆ ಕಾಯುವುದು. ಬರೆದು ಉತ್ತರಿಸುವ ಅವಕಾಶವನ್ನೂ ಇಡಿ. ಬಾಯಲ್ಲಿ ಎರಡು ಮಾತಾಡದವರು ಬರಹದಲ್ಲಿ ಒಂದು ಪುಟ ಕೊಡುತ್ತಾರೆ.

ಹಂತ 7: ಒಂದು ಪುಟದ ಟೀಮ್ ಒಪ್ಪಂದ

ಸೆಷನ್‌ಗಳಿಂದ ಒಂದು ಕಾಗದ ಹೊರಬರಬೇಕು. ಅದಿಲ್ಲದಿದ್ದರೆ ಕಲಿತದ್ದು ಒಂದೆರಡು ವಾರದಲ್ಲಿ ಆವಿಯಾಗುತ್ತದೆ. ಇದು “ನಾವು ಪರಸ್ಪರ ಗೌರವಿಸುತ್ತೇವೆ” ಎಂಬಂಥ ಪತ್ರವಲ್ಲ. ಯಾರೂ ಅದಕ್ಕೆ ಬೇಡ ಅನ್ನುವುದಿಲ್ಲ, ಯಾರೂ ಅದನ್ನು ಬಳಸುವುದೂ ಇಲ್ಲ. ಹೀಗಿರಲಿ:

*ಸಮಯ.* ಮೀಟಿಂಗ್ ವೇಳೆಯನ್ನು ಎರಡೂ ಜಾಗದ ಗಡಿಯಾರದಲ್ಲಿ ಬರೆಯಬೇಕು. ಅಮೆರಿಕ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಡುತ್ತದೆ, ಯುರೋಪ್ ಮಾರ್ಚ್ ಕೊನೆಯ ಭಾನುವಾರ. ನಡುವಿನ ಆ ಎರಡು ಮೂರು ವಾರ ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ಐದರ ಬದಲು ನಾಲ್ಕೇ ಗಂಟೆಯ ಅಂತರ. ಗಡಿಯಾರ ಬದಲಿಸದ ದೇಶದವರಿಗೆ ಎರಡು ಸಲ ಗೊಂದಲ. ಅನಾನುಕೂಲ ವೇಳೆಯ ಮೀಟಿಂಗ್ ತಿಂಗಳು ಬಿಟ್ಟು ತಿಂಗಳು ಸರದಿಯಲ್ಲಿ ಬರಲಿ. ಯಾವಾಗಲೂ ಒಂದೇ ಕಡೆಯವರು ರಾತ್ರಿ ಕೂರುವುದು ಬೇಡ.

*ದಿನಾಂಕ.* 04/05 ಎಂದರೆ ಅಮೆರಿಕದಲ್ಲಿ ಏಪ್ರಿಲ್ 5, ಬ್ರಿಟನ್‌ನಲ್ಲಿ ಮೇ 4. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, ಇಲ್ಲವೇ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಕ್ರಮದಂತೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ. “ಶುಕ್ರವಾರದೊಳಗೆ” ಎಂದರೆ ಯಾರ ಶುಕ್ರವಾರ, ಎಷ್ಟು ಗಂಟೆ ಎಂಬುದೂ ಇರಲಿ.

*ರಜೆ.* ವಾರಾಂತ್ಯ ಎಲ್ಲ ಕಡೆ ಶನಿವಾರ, ಭಾನುವಾರವಲ್ಲ. ಪಶ್ಚಿಮ ಏಷ್ಯಾದ ಹಲವು ದೇಶಗಳಲ್ಲಿ ಶುಕ್ರವಾರ, ಶನಿವಾರ. ಇದೂ ಬದಲಾಗುತ್ತದೆ. ಯುಎಇ ಸರ್ಕಾರ 2022ರ ಜನವರಿಯಿಂದ ಶನಿವಾರ, ಭಾನುವಾರಕ್ಕೆ ಬಂತು. ಕೆಲಸದ ವೇಳೆ ಮುಗಿದ ಮೇಲೆ ಮೆಸೇಜ್ ಕಳಿಸಿದರೆ ಉತ್ತರ ಮರುದಿನವೇ ಎಂದು ಬರೆದಿಡಿ. ಫ್ರಾನ್ಸ್‌ನಲ್ಲಿ 2017ರಿಂದ ಇದು ಬರೀ ಮರ್ಯಾದೆಯ ಮಾತಲ್ಲ. 50ಕ್ಕಿಂತ ಕಡಿಮೆಯಿಲ್ಲದಷ್ಟು ಉದ್ಯೋಗಿಗಳಿರುವ ಕಂಪನಿಗಳು ಕೆಲಸದ ಹೊತ್ತಿನ ಹೊರಗೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ಉದ್ಯೋಗಿಗಳ ಪ್ರತಿನಿಧಿಗಳ ಜೊತೆ ಮಾತುಕತೆ ನಡೆಸಬೇಕೆಂದು ಕಾನೂನೇ ಹೇಳುತ್ತದೆ.

*ಮೌನ.* ಉತ್ತರ ಬರದಿದ್ದರೆ ಒಪ್ಪಿಗೆ ಎಂದಲ್ಲ. ಬರೆದು ಒಪ್ಪಿದರೆ ಮಾತ್ರ ಒಪ್ಪಿಗೆ.

*ಟೀಕೆ.* ಒಂದು ಕಡೆ “ಇದು ತಪ್ಪು, ಮತ್ತೆ ಮಾಡಿ” ಎಂದು ಬರೆಯುತ್ತಾರೆ. ಇನ್ನೊಂದು ಕಡೆ ಅದೇ ತಪ್ಪಿಗೆ “ಇದನ್ನು ಇನ್ನೊಮ್ಮೆ ನೋಡಬಹುದೇನೋ” ಎನ್ನುತ್ತಾರೆ. ಮೊದಲನೆಯದು ಓದಿದವರಿಗೆ ಬೈಗುಳದಂತೆ, ಎರಡನೆಯದು ಓದಿದವರಿಗೆ ಸಲಹೆಯಂತೆ ಕಾಣುತ್ತದೆ. ಯಾರ ಶೈಲಿಯನ್ನೂ ಬದಲಿಸಲು ಹೋಗಬೇಡಿ. ಪ್ರತಿ ಟಿಪ್ಪಣಿಯ ಮುಂದೆ ಒಂದು ಗುರುತು ಹಾಕುವ ನಿಯಮ ಮಾಡಿ: “ಬದಲಿಸಲೇಬೇಕು”, “ಬದಲಿಸಿದರೆ ಒಳ್ಳೆಯದು”, “ಸುಮ್ನೆ ಒಂದು ಯೋಚನೆ”. ಆಮೇಲೆ ಮಾತು ಎಷ್ಟು ಮೆತ್ತಗಿದ್ದರೂ, ಎಷ್ಟು ಒರಟಿದ್ದರೂ ಕೆಲಸ ನಿಲ್ಲುವುದಿಲ್ಲ.

*ಕೆಟ್ಟ ಸುದ್ದಿ.* ತಡವಾಗುತ್ತದೆ ಎಂದು ಅನುಮಾನ ಬಂದ ದಿನವೇ ಹೇಳಬೇಕು, ಯಾರಿಗೆ ಹೇಳಬೇಕೆಂದೂ ಹೆಸರಿರಬೇಕು. ಮುಖ್ಯವಾಗಿ, ಹಾಗೆ ಹೇಳಿದವರನ್ನು ಆ ಕಾಲ್‌ನಲ್ಲೇ ವಿಚಾರಣೆಗೆ ಎಳೆಯಬಾರದು. ಒಮ್ಮೆ ಎಳೆದಿರೋ, ಇನ್ನು ಮುಂದೆ ಯಾರೂ ಹೇಳುವುದಿಲ್ಲ.

ಹಂತ 8: ಯಾವುದರಲ್ಲಿ ಹೊಂದಾಣಿಕೆ ಇಲ್ಲ, ಅದನ್ನೂ ಹೇಳಿ

“ಅದು ಅವರ ಸಂಸ್ಕೃತಿ” ಎಂಬ ಮಾತಿಗೆ ಮಿತಿ ಇದೆ. ಸುರಕ್ಷತೆ, ಲೈಂಗಿಕ ಕಿರುಕುಳ, ತಾರತಮ್ಯ, ಲಂಚ, ಇವುಗಳಲ್ಲಿ ಸ್ಥಳೀಯ ರೂಢಿ ಎಂಬ ನೆಪ ನಡೆಯುವುದಿಲ್ಲ. ಉಡುಗೊರೆ ವಿಷಯದಲ್ಲಿ ಹುಷಾರು. ಉಡುಗೊರೆ ಕೊಡುವುದು ಮರ್ಯಾದೆ ಎಂದು ಟ್ರೇನರ್ ಹೇಳಿಕೊಟ್ಟಿರುತ್ತಾರೆ. ಆದರೆ ಅಮೆರಿಕದ ವಿದೇಶಿ ಭ್ರಷ್ಟಾಚಾರ ತಡೆ ಕಾನೂನು 1977ರಿಂದ, ಬ್ರಿಟನ್ನಿನ ಲಂಚ ಕಾನೂನು 2010ರಿಂದ ಇವೆ. ಎರಡೂ ತಮ್ಮ ಗಡಿಯಾಚೆಗೂ ಕೈ ಚಾಚುತ್ತವೆ. ಎಷ್ಟು ಬೆಲೆಯವರೆಗೆ ಉಡುಗೊರೆ, ಯಾರಿಗೆ, ಯಾವಾಗ ಕೂಡದು ಎಂಬುದನ್ನು ಕಂಪನಿಯ ಕಾನೂನು ವಿಭಾಗದವರಿಂದ ಬರಹದಲ್ಲಿ ಪಡೆದು ಒಪ್ಪಂದದ ಹಿಂಬದಿಯಲ್ಲೇ ಹಾಕಿ.

ಹಂತ 9: ವರ್ಗವಾಗಿ ಹೋಗುವವರಿದ್ದರೆ

ಇವರಿಗೆ ಮೇಲಿನದರ ಜೊತೆ ಬೇರೆಯದೂ ಬೇಕು. ಕಲ್ಚರ್ ಶಾಕ್ ಎಂಬುದನ್ನು 1950ರ ದಶಕದಲ್ಲಿ ಜನಪ್ರಿಯ ಮಾಡಿದವರು ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞರು. ಮೊದಲು ಹೊಸತನದ ಖುಷಿ, ಆಮೇಲೆ ಎಲ್ಲದರ ಮೇಲೂ ಕಿರಿಕಿರಿ, ನಿಧಾನವಾಗಿ ಚೇತರಿಕೆ, ಕೊನೆಗೆ ಹೊಂದಾಣಿಕೆ ಎಂದು ಅವರು ಹಂತಗಳನ್ನು ವಿವರಿಸಿದರು. ಎಲ್ಲರಿಗೂ ಇದೇ ಕ್ರಮದಲ್ಲಿ ಆಗುವುದಿಲ್ಲ. ಕೆಲವರಿಗೆ ಮೊದಲ ದಿನವೇ ಕಷ್ಟ. ಹಾಗಾಗಿ ಹೊರಡುವ ಮುನ್ನ ಒಂದು ಸೆಷನ್ ಕೊಟ್ಟು ಕೈತೊಳೆದುಕೊಳ್ಳಬೇಡಿ. ಹೋಗಿ ಒಂದೆರಡು ತಿಂಗಳಾದ ಮೇಲೆ ಇನ್ನೊಂದು ಸೆಷನ್ ಇಡಿ. ಪ್ರಶ್ನೆಗಳು ಹುಟ್ಟುವುದೇ ಆಗ.

ಸಂಗಾತಿ, ಮಕ್ಕಳು ಜೊತೆಗೆ ಹೋಗುತ್ತಿದ್ದರೆ ಅವರನ್ನೂ ಕರೆಯಿರಿ. ಉದ್ಯೋಗಿಗೆ ಆಫೀಸ್ ಇರುತ್ತದೆ, ಪರಿಚಯ ಬೆಳೆಯುತ್ತದೆ. ಮನೆಯಲ್ಲಿರುವವರು ಎಲ್ಲವನ್ನೂ ಸೊನ್ನೆಯಿಂದ ಕಟ್ಟಿಕೊಳ್ಳಬೇಕು. ಅವಧಿಗೆ ಮುನ್ನ ವಾಪಸ್ ಬರುವವರ ಕಾರಣ ಕೆದಕಿದರೆ ಬಹಳ ಸಲ ಮನೆಯವರಿಗೆ ಅಲ್ಲಿ ಹೊಂದಿಕೊಳ್ಳಲು ಆಗದಿದ್ದದ್ದೇ ಸಿಗುತ್ತದೆ. ವಾಪಸ್ ಬಂದವರಿಗೂ ಸ್ವಂತ ಆಫೀಸ್ ಪರಕೀಯ ಅನ್ನಿಸುತ್ತದೆ, ಅವರ ಜೊತೆಗೂ ಒಮ್ಮೆ ಕೂತು ಮಾತಾಡಿ.

ಹಂತ 10: ಅಳೆಯುವುದು

ಟ್ರೇನಿಂಗ್ ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ನಾಲ್ಕು ಮಟ್ಟಗಳನ್ನೇ ಈಗಲೂ ಬಳಸುತ್ತಾರೆ. ಇಷ್ಟವಾಯಿತಾ, ಕಲಿತರಾ, ನಡವಳಿಕೆ ಬದಲಾಯಿತಾ, ಕೆಲಸದ ಫಲಿತಾಂಶ ಬದಲಾಯಿತಾ. ಸೆಷನ್ ಮುಗಿದ ಕೂಡಲೇ ತುಂಬಿಸುವ ಫಾರ್ಮ್ ಮೊದಲ ಮಟ್ಟ ಮಾತ್ರ. ಎಲ್ಲರೂ ಐದಕ್ಕೆ ಐದು ಕೊಟ್ಟರೂ ಅದರಿಂದ ಗೊತ್ತಾಗುವುದು ಟ್ರೇನರ್ ಚೆನ್ನಾಗಿ ಮಾತಾಡಿದರು ಎಂಬುದಷ್ಟೇ.

ನೀವು ನೋಡಬೇಕಾದದ್ದು ಕೊನೆಯ ಎರಡು. ಹಂತ 1ರ ಮೂರು ದೂರುಗಳಿಗೆ ಆಗಲೇ ಒಂದೊಂದು ಲೆಕ್ಕ ಹಾಕಿಟ್ಟಿರಿ. ಎರಡು ಸಲ ಮಾಡಬೇಕಾದ ಕೆಲಸ ತಿಂಗಳಿಗೆ ಎಷ್ಟು? ತಡದ ಸುದ್ದಿ ಡೆಡ್‌ಲೈನ್‌ಗೆ ಎಷ್ಟು ದಿನ ಮುಂಚೆ ಬಂತು? ಕಾಲ್‌ನಲ್ಲಿ ಎಷ್ಟು ಜನ ಬಾಯಿಬಿಟ್ಟರು? ಮೂರು ತಿಂಗಳ ಮೇಲೆ ಅದೇ ಲೆಕ್ಕ ಮತ್ತೆ ತೆಗೆಯಿರಿ. ಒಂದು ವಿಚಿತ್ರ ಗಮನಿಸಿ: ಟ್ರೇನಿಂಗ್ ಕೆಲಸ ಮಾಡಿದರೆ ಶುರುವಿನಲ್ಲಿ ದೂರುಗಳು ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ಮುಂಚೆ ಮುಚ್ಚಿಡುತ್ತಿದ್ದದ್ದನ್ನು ಜನ ಈಗ ಹೇಳುತ್ತಿದ್ದಾರೆ. ಇದನ್ನು ಮೇಲಿನವರಿಗೆ ಮೊದಲೇ ತಿಳಿಸಿಡಿ, ಇಲ್ಲದಿದ್ದರೆ ಎರಡನೇ ತಿಂಗಳಲ್ಲೇ ಟ್ರೇನಿಂಗ್ ನಿಲ್ಲಿಸಿಬಿಡುತ್ತಾರೆ.

ಮೂರು ತಿಂಗಳಾದರೂ ಲೆಕ್ಕ ಅಲ್ಲಾಡದಿದ್ದರೆ ಇನ್ನೊಂದು ಸೆಷನ್ ಬುಕ್ ಮಾಡಬೇಡಿ. ಹಂತ 1ರ ಆ ಮೂರು ಪ್ರಶ್ನೆಗಳಿಗೆ ವಾಪಸ್ ಹೋಗಿ. ಅಲ್ಲಾಡಿದ್ದರೆ ಒಪ್ಪಂದದ ಆ ಒಂದು ಪುಟಕ್ಕೆ ಎರಡೂ ಕಡೆಯಿಂದ ಒಬ್ಬೊಬ್ಬ ಜವಾಬ್ದಾರರನ್ನು ನೇಮಿಸಿ. ಹೊಸಬರು ಸೇರಿದ ಮೊದಲ ವಾರ ಅವರ ಜೊತೆ ಕೂತು ಅದನ್ನು ಓದುವುದು, ಯಾವ ಸಾಲು ಈಗ ಯಾರೂ ಪಾಲಿಸುತ್ತಿಲ್ಲವೋ ಅದನ್ನು ಹೊಡೆದುಹಾಕುವುದು, ಗಡಿಯಾರ ಬದಲಾಗುವ ವಾರಕ್ಕೆ ಮುಂಚೆ ಎಲ್ಲರಿಗೂ ನೆನಪಿಸುವುದು ಅವರ ಕೆಲಸ.